ಕಲ್ಲಿನ ನೆನಪು, ಮರದ ನೆನಪು

ದಕ್ಷಿಣದಲ್ಲಿ ಸುವರ್ಣಾ ನದಿಯಿಂದ ತೊಡಗಿ ಉತ್ತರದಲ್ಲಿ ಒತ್ತಿನೆಣೆಯ ಗುಡ್ಡದವರೆಗೆ, ಪೂರ್ವದಲ್ಲಿ ಕೊಡಚಾದ್ರಿಯ ಬುಡದಿಂದ ಪಶ್ಚಿಮದಲ್ಲಿ ಗಂಗೊಳ್ಳಿಯ ಅಳಿವೆಯವರೆಗೆ ಹಬ್ಬಿ, ಇಂದು ಬ್ರಹ್ಮಾವರ, ಕುಂದಾಪುರ, ಬೈಂದೂರು ಎಂಬ ಮೂರು ತಾಲೂಕುಗಳಾಗಿ ವಿಂಗಡಗೊಂಡಿರುವ ನಾಡಿನಲ್ಲಿ, ಮಹನೀಯರ ಪ್ರತಿಮೆಗಳನ್ನು ಅರಸಿ ಹೊರಟವನು ಮೊದಲು ಪೇಟೆಯ ವೃತ್ತಗಳನ್ನೂ ಉದ್ಯಾನಗಳನ್ನೂ ಸುತ್ತುವುದು ಸಹಜ. ಆದರೆ ಆ ಅರಸುವಿಕೆಯು ಅಲ್ಲಿಗೇ ನಿಂತರೆ, ಸಾವಿರ ವರ್ಷಗಳಿಗೂ ಮಿಕ್ಕ ಒಂದು ಇತಿಹಾಸದ ಕೊನೆಯ ಪುಟವನ್ನು ಮಾತ್ರ ಓದಿ ಗ್ರಂಥವನ್ನು ಮುಚ್ಚಿದಂತಾದೀತು. ಸತ್ತವನ ಆಕೃತಿಯನ್ನು ಊರಿನ ಕಣ್ಣೆದುರಿಗೆ ನಿಲ್ಲಿಸಿ, ಅವನಿಗೆ ಸಲ್ಲಬೇಕಾದ ಗೌರವವನ್ನು ಸಲ್ಲಿಸುವ ಪದ್ಧತಿಯು ಈ ಕರಾವಳಿಗೆ ಹಡಗೇರಿ ಬಂದುದಲ್ಲ. ಅದು ಇಲ್ಲಿಯ ಗದ್ದೆಯಂಚಿನಲ್ಲಿ, ಗುಡಿಯ ಪ್ರಾಕಾರದಲ್ಲಿ, ಬನದ ನೆರಳಿನಲ್ಲಿ ಎಂದೋ ಬೇರುಬಿಟ್ಟಿದ್ದಿತು. ಹಾಗೆ ಬೇರುಬಿಟ್ಟ ಪದ್ಧತಿಯು ಕಲ್ಲಿನಲ್ಲಿ ಒಂದು ಗತಿಯನ್ನೂ ಮರದಲ್ಲಿ ಇನ್ನೊಂದು ಗತಿಯನ್ನೂ ಕಂಡಿತೆಂಬುದೂ, ಆ ಎರಡು ಗತಿಗಳ ಭೇದದಲ್ಲಿ ಇಂದಿನ ಪ್ರತಿಮಾಸ್ಥಾಪಕರು ಕಲಿಯತಕ್ಕ ಪಾಠವೊಂದು ಅಡಗಿದೆಯೆಂಬುದೂ ಈ ಲೇಖನದ ಪ್ರತಿಪಾದ್ಯ.

ಕಲ್ಲಿನಿಂದಲೇ ಪ್ರಾರಂಭಿಸೋಣ. ಈ ಸೀಮೆಯನ್ನು ಬಹುಕಾಲ ಆಳಿದವರು ಆಳುಪರು. ಕೋಟದ ಸಮೀಪದ ವಡ್ಡರ್ಸೆಯಲ್ಲಿರುವ ಆಳುವರಸನ ಶಾಸನವು ಏಳನೆಯ ಶತಮಾನದ್ದೆಂದು ವಿದ್ವಾಂಸರು ಎಣಿಸಿರುವುದರಿಂದ, ಕನ್ನಡ ಅಕ್ಷರವು ಈ ತೀರದ ಕಲ್ಲಿನ ಮೇಲೆ ಎಷ್ಟು ಬೇಗನೆ ನೆಲೆಗೊಂಡಿತೆಂಬುದು ತಿಳಿದುಬರುತ್ತದೆ. ಇಲ್ಲಿಂದ ತುಸು ದಕ್ಷಿಣಕ್ಕೆ, ಆ ಅರಸರ ರಾಜಧಾನಿಯಾಗಿದ್ದ ಉದ್ಯಾವರದಲ್ಲಿ, ಶಂಭುಕಲ್ಲಿನ ಗುಡಿಯ ಬಳಿ ದೊರೆತ ಎಂಟನೆಯ ಶತಮಾನದ ಶಿಲಾಲೇಖಗಳು ಇನ್ನೂ ಮಹತ್ತ್ವದ ಸಂಗತಿಯನ್ನು ಹೇಳುತ್ತವೆ. ರಣಸಾಗರ, ಶ್ವೇತವಾಹನ, ಚಿತ್ರವಾಹನ ಎಂಬವರು ಪಟ್ಟಕ್ಕಾಗಿ ಪರಸ್ಪರ ಕಾದಾಡಿದ ಆ ಕಲಹದ ದಿನಗಳಲ್ಲಿ, ಒಡೆಯನ ಪಕ್ಷವನ್ನು ಹಿಡಿದು ಕಾದಿ ಮಡಿದ ಭಟರನ್ನು ಅವರವರ ಹೆಸರಿನಿಂದಲೇ ಸ್ಮರಿಸಲು ಆ ಕಲ್ಲುಗಳನ್ನು ನಿಲ್ಲಿಸಿದರು. ಅರಸನ ಹೆಸರು ಅಲ್ಲಿ ಬರುವುದು ನಿಜವೇ ಆದರೂ, ಕಲ್ಲು ನಿಂತಿರುವುದು ಅರಸನಿಗಾಗಿ ಅಲ್ಲ, ಅವನಿಗಾಗಿ ಸತ್ತವನಿಗಾಗಿ. ಯಾರ ಸಾವಿನಿಂದ ಊರು ಉಳಿಯಿತೋ ಅವನಿಗೆ ಊರು ಒಂದು ಕಲ್ಲಿನಷ್ಟಾದರೂ ಋಣಿಯಾಗಿದೆ ಎಂಬ ಧರ್ಮಸೂಕ್ಷ್ಮವನ್ನು ನಮ್ಮವರು ಅಂದೇ ಅರಿತಿದ್ದರು.

ಆ ಧರ್ಮವು ಮುಂದಿನ ಶತಮಾನಗಳಲ್ಲಿ ಕರ್ನಾಟಕದಾದ್ಯಂತ ವೀರಗಲ್ಲುಗಳ ರೂಪದಲ್ಲಿ ಹಬ್ಬಿದುದು ಎಲ್ಲರಿಗೂ ತಿಳಿದಿರುವುದಷ್ಟೆ. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವಣ ಪಟ್ಟಿಕೆಯಲ್ಲಿ ಅಪ್ಸರೆಯರು ವೀರನನ್ನು ಎತ್ತಿ ಒಯ್ಯುವ ದೃಶ್ಯ, ಮೇಲಿನದರಲ್ಲಿ ಲಿಂಗದ ಅಥವಾ ಜಿನನ ಸನ್ನಿಧಿ, ಅದಕ್ಕೂ ಮೇಲೆ ಆಚಂದ್ರಾರ್ಕವೆಂಬುದಕ್ಕೆ ಸಾಕ್ಷಿಯಾಗಿ ಸೂರ್ಯಚಂದ್ರರು: ಇಷ್ಟರಲ್ಲಿ ಒಬ್ಬ ಮನುಷ್ಯನ ಮರಣವೂ ಪರಮಗತಿಯೂ ಅಡಕವಾಗುತ್ತವೆ. ತುರುಗಳನ್ನು ಮರಳಿ ತಂದವನು, ಊರಳಿವನ್ನು ತಡೆದವನು, ಹುಲಿಯೊಡನೆ ಹೋರಾಡಿದವನು, ಇವರೆಲ್ಲರಿಗೂ ಈ ಮರ್ಯಾದೆಯಿದ್ದಿತು. ಕುಲವನ್ನಾಗಲಿ ಸಂಪತ್ತನ್ನಾಗಲಿ ಕೇಳದೆ ಕೃತ್ಯವೊಂದನ್ನೇ ನೋಡಿ ಸಲ್ಲಿಸಿದ ಮರ್ಯಾದೆ ಅದು. ಪತಿಯ ಚಿತೆಯನ್ನೇರಿದ ಹೆಂಗಸಿಗಾಗಿ, ಬಳೆ ತೊಟ್ಟ ತೋಳೊಂದು ಕಂಬದಿಂದ ಹೊರಚಾಚಿ ಮೇಲೆತ್ತಿದ ಹಸ್ತವುಳ್ಳ ಮಾಸ್ತಿಕಲ್ಲನ್ನು ನೆಟ್ಟರು. ಆ ಪದ್ಧತಿಯ ಕ್ರೌರ್ಯವನ್ನು ನಾವು ಇಂದು ಎಷ್ಟು ಖಂಡಿಸಿದರೂ, ಆ ಹೆಂಗಸರ ನೋವಿಗೆ ಉಳಿದಿರುವ ಸಾಕ್ಷ್ಯ ಆ ಕಲ್ಲೊಂದೇ ಆದುದರಿಂದ ಅದನ್ನು ಅನಾದರದಿಂದ ಕಾಣುವ ಅಧಿಕಾರ ನಮಗಿಲ್ಲ. ಮುಂಬಯಿಯ ಬೋರಿವಲಿಯ ಬಳಿ ಏಕಸರದಲ್ಲಿರುವ ವೀರಗಲ್ಲುಗಳಲ್ಲಿ ಹುಟ್ಟುಹಾಕುವ ನಾವೆಗಳ ಸಾಲು ಸಾಲಾದ ಸಮುದ್ರಯುದ್ಧವನ್ನೇ ಕೆತ್ತಿರುವುದನ್ನು ನೆನೆದರೆ, ಪಶ್ಚಿಮದ ಕಡಲು ನೀರಿನಲ್ಲಿ ಮಡಿದವರನ್ನೂ ನೆಲದ ಕಲ್ಲಿನಲ್ಲಿ ಹಿಡಿದಿಟ್ಟಿತೆಂದು ಹೇಳಬಹುದು.

ಬಾರಕೂರಿನಲ್ಲಿ ಸಂಚರಿಸುವವನಿಗೆ ಈ ಪರಂಪರೆಯ ವೈಭವವೂ ವಿಷಾದವೂ ಒಟ್ಟಿಗೇ ಎದುರಾಗುತ್ತವೆ. ಆಳುಪರು ಮುಂದೆ ಆರಿಸಿಕೊಂಡ ರಾಜಧಾನಿಯಾಗಿ, ವಿಜಯನಗರದ ಕಾಲದಲ್ಲಿ ಬಾರಕೂರು ರಾಜ್ಯದ ಮುಖ್ಯ ಪಟ್ಟಣವಾಗಿ, ಹದಿನಾಲ್ಕನೆಯ ಶತಮಾನದಲ್ಲಿ ಇಬ್ನ್ ಬತೂತನಂತಹ ದೂರದೇಶದ ಯಾತ್ರಿಕನನ್ನು ಬರಮಾಡಿಕೊಂಡ ರೇವಾಗಿ ಮೆರೆದ ಆ ಊರು, ಇಂದು ತೋಟಗಳ ನಡುವೆ ಗುಡಿ, ಬಸದಿ, ಶಾಸನ, ವೀರಗಲ್ಲುಗಳನ್ನು ಚೆದರಿಕೊಂಡು ಕುಳಿತಿದೆ. ವಾರಾಹಿಯ ದಂಡೆಯ ಬಸರೂರಾದರೋ, ಸೆಟ್ಟಿಗಳೂ ಹಲರೆಂಬ ಸಂಘದವರೂ ತಮ್ಮ ವ್ಯವಹಾರವನ್ನು ತಾವೇ ನಡೆಸಿಕೊಂಡು ಅಕ್ಕಿಯನ್ನು ಹಡಗು ಹಡಗಾಗಿ ಪರದೇಶಗಳಿಗೆ ಕಳುಹಿಸಿದ ಪಟ್ಟಣ. ಪೋರ್ಚುಗೀಸರು 1569ರಲ್ಲಿ ಅಳಿವೆಯ ಬಳಿ ಕೋಟೆಯನ್ನು ಹಿಡಿದುದೂ, 1665ರಲ್ಲಿ ಶಿವಾಜಿಯು ಸಮುದ್ರಮಾರ್ಗವಾಗಿ ಬಂದು ಆ ಪಟ್ಟಣವನ್ನು ಸೂರೆಗೊಂಡುದೂ ಆ ಅಕ್ಕಿಯ ಸಂಪತ್ತಿನ ಕಾರಣದಿಂದಲೇ. ಆದರೆ ಆ ಅಕ್ಕಿಯನ್ನು ಬೆಳೆದವನ, ಕುಟ್ಟಿದವಳ, ಮುಡಿ ಕಟ್ಟಿದವನ, ದೋಣಿಗೆ ಹೊತ್ತವನ ಮೂರ್ತಿ ಎಲ್ಲಿಯೂ ಇಲ್ಲ. ವೀರಗಲ್ಲು ಕತ್ತಿ ಹಿಡಿದ ಕೈಯನ್ನು ಕಂಡಿತು. ಕುಡುಗೋಲು ಹಿಡಿದ ಕೈಯನ್ನು ಕಾಣಲಿಲ್ಲ.

ಕತ್ತಿ ಹಿಡಿದವನಿಗಾದರೂ ಆ ಕಲ್ಲು ಕೊನೆಯವರೆಗೆ ನೆರವಾಯಿತೆ? ಈ ಸೀಮೆಯ ಮನೆಗೋಡೆಗೆ ಒದಗುವ ಮುರಕಲ್ಲು ಅಕ್ಷರವನ್ನು ಹಿಡಿಯಲಾರದೆಂದು ಸ್ಮಾರಕಕ್ಕೆ ಗಟ್ಟಿಯಾದ ಕಣಶಿಲೆಯನ್ನೇ ಆರಿಸಿದರೂ, ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಸುರಿಯುವ ಮಳೆಯೂ ಅದರ ಬೆನ್ನಿಗೆ ಬರುವ ಹಾವಸೆಯೂ ಅಕ್ಷರಗಳನ್ನು ಮೆಲ್ಲಮೆಲ್ಲನೆ ನುಂಗಿದವು. ಅಕ್ಷರಗಳಿಗಿಂತಲೂ ಮೊದಲು ಅಳಿದುದು ಕಥೆ. ಕಲ್ಲು ನೆಟ್ಟ ಮನೆತನವು ಚೆದರಿ, ಅದರ ಮುಂದೆ ಹಣತೆಯಿಡುವವರು ಇಲ್ಲವಾದ ಮೇಲೆ, ಶಿಲ್ಪವು ಅಚ್ಚಳಿಯದೆ ಇದ್ದರೂ ಅದು ಯಾರದೆಂದು ಹೇಳುವವರಿಲ್ಲವಾಯಿತು. ಎಷ್ಟೋ ಊರುಗಳಲ್ಲಿ ವೀರಗಲ್ಲು ಬೇಲಿಯ ಒತ್ತುಗಲ್ಲಾಗಿ, ತೋಡಿನ ಸಂಕವಾಗಿ, ಬಟ್ಟೆಯೊಗೆಯುವ ಹಾಸುಗಲ್ಲಾಗಿ ಪರಿಣಮಿಸಿತು. ಆಚಂದ್ರಾರ್ಕವೆಂದು ಕೆತ್ತಿದ ಸೂರ್ಯಚಂದ್ರರು ಉಳಿದರು, ಅವರು ಯಾರಿಗೆ ಸಾಕ್ಷಿ ನಿಂತಿದ್ದರೋ ಅವನ ಹೆಸರು ಉಳಿಯಲಿಲ್ಲ. ಇದು ಕಲ್ಲಿನ ಗತಿ.

ಇನ್ನು ಮರದ ಗತಿಯನ್ನು ನೋಡೋಣ. ಬ್ರಹ್ಮಾವರ ತಾಲೂಕಿನ ಶಿರಿಯಾರದ ಬಳಿ ಮೆಕ್ಕೆಕಟ್ಟು ಎಂಬಲ್ಲಿ ನಂದಿಕೇಶ್ವರನ ದೇವಸ್ಥಾನವಿದೆ. ನೂರಕ್ಕೂ ಮಿಕ್ಕಿ ಮರದ ಮೂರ್ತಿಗಳು, ಆಯುಧಪಾಣಿಗಳಾದ ಯೋಧರು, ಕುದುರೆಯೇರಿದ ವೀರರು, ಗಂಭೀರೆಯರಾದ ಸ್ತ್ರೀಯರು, ಮೃಗಮುಖದ ಗಣಗಳು, ಕೆಂಪು ಬಣ್ಣವೇ ಪ್ರಧಾನವಾಗಿ, ಮನುಷ್ಯಪ್ರಮಾಣಕ್ಕೂ ಮಿಗಿಲಾಗಿ, ತೆರೆದ ಕಣ್ಣುಗಳಿಂದ ನೋಡುವವನನ್ನು ನಿಟ್ಟಿಸುತ್ತ ಅಲ್ಲಿ ನಿಂತಿರುವುದನ್ನು ಕಂಡವರು ಆ ದರ್ಶನವನ್ನು ಮರೆಯಲಾರರು. ಇಂದು ಅಲ್ಲಿರುವವು ಮೂಲ ಮೂರ್ತಿಗಳಲ್ಲ. ಕಳೆದ ಶತಮಾನದ ಉತ್ತರಾರ್ಧದಲ್ಲಿ ದೇವಸ್ಥಾನದ ಜೀರ್ಣೋದ್ಧಾರವಾದಾಗ ಹಳೆಯವು ತಮ್ಮ ಸ್ಥಾನವನ್ನು ಹೊಸವಕ್ಕೆ ಬಿಟ್ಟುಕೊಟ್ಟವು. ಹಳೆಯವುಗಳಲ್ಲಿ ಅನೇಕವು ದೆಹಲಿಯ ರಾಷ್ಟ್ರೀಯ ಕರಕುಶಲ ವಸ್ತುಸಂಗ್ರಹಾಲಯವನ್ನು ಸೇರಿ ಇಂದು ಅಲ್ಲಿ ದೇಶವಿದೇಶಗಳ ಪ್ರೇಕ್ಷಕರನ್ನು ಬೆರಗುಗೊಳಿಸುತ್ತಿವೆ. ಇಂತಹ ಶಿಲ್ಪಸಂಪತ್ತು ಊರನ್ನು ಬಿಟ್ಟುಹೋಯಿತಲ್ಲಾ ಎಂದು ಕಲಾಪ್ರೇಮಿಗಳು ಮರುಗುವುದು ನ್ಯಾಯವೇ. ಆದರೂ ಊರವರ ದೃಷ್ಟಿಯಲ್ಲಿ ಅಲ್ಲಿ ಯಾವುದೂ ಹೋಗಿರಲಿಲ್ಲವೆಂಬುದನ್ನು ಗಮನಿಸಬೇಕು. ಮರವು ಹುಳು ಹಿಡಿಯುವ ವಸ್ತು. ಜೀರ್ಣವಾದುದನ್ನು ಇಳಿಸಿ, ಹಲಸಿನ ಹೊಸ ಮರವನ್ನು ತಂದು, ವಿಧಿಪೂರ್ವಕವಾಗಿ ಕೆತ್ತಿಸಿ, ಬಣ್ಣ ಹಚ್ಚಿ, ಕಣ್ಣು ಬರೆಯಿಸಿದಾಗ ಆ ಸಾನ್ನಿಧ್ಯವು ಹೊಸದಕ್ಕೆ ಸಲ್ಲುತ್ತದೆ. ಪದಾರ್ಥವು ಅನಿತ್ಯವೆಂದು ಮೊದಲೇ ಒಪ್ಪಿಕೊಂಡವರು ನೆನಪಿನ ಭಾರವನ್ನು ಪದಾರ್ಥದ ಮೇಲೆ ಹೊರಿಸದೆ ತಮ್ಮ ಮೇಲೆಯೇ ಹೊತ್ತುಕೊಂಡರು.

ಆ ಭಾರವನ್ನು ಹೊತ್ತವರು ಯಾರು? ವರ್ಷಕ್ಕೊಮ್ಮೆ ಕೋಲ, ಗೆಂಡ, ನೇಮಗಳನ್ನು ನಡೆಯಿಸುವ ಗ್ರಾಮದವರು. ಮುಖಕ್ಕೆ ಅರದಾಳ ಬಳಿದು, ಗಗ್ಗರ ಕಟ್ಟಿ, ರಾತ್ರಿಯಿಡೀ ಕುಣಿದು ದೈವದ ಹುಟ್ಟು, ಪರಾಕ್ರಮ, ಸಂಚಾರಗಳನ್ನು ನುಡಿಯುವ ಪಾಣಾರರು. ದಕ್ಷಿಣದ ತುಳು ಸೀಮೆಯಲ್ಲಿ ಪಾಡ್ದನಗಳೆಂಬ ಕಥನಗೀತೆಗಳನ್ನು ಬಾಯಿಂದ ಬಾಯಿಗೆ ದಾಟಿಸಿದ, ನಾಟಿಯ ಗದ್ದೆಯಲ್ಲಿಯೂ ಅವನ್ನು ಹಾಡಿದ ಹೆಂಗಸರು. ಅವರು ಹೀಗೆ ಉಳಿಸಿಕೊಂಡ ದೈವಗಳಲ್ಲಿ ಎಲ್ಲರೂ ಮೇಲಿನ ಲೋಕದಿಂದ ಇಳಿದವರಲ್ಲ, ಅನೇಕರು ಈ ಮಣ್ಣಿನಲ್ಲಿಯೇ ಹುಟ್ಟಿ, ದುಡಿದು, ಅನ್ಯಾಯವನ್ನುಂಡು, ಅಕಾಲದಲ್ಲಿ ಅಳಿದ ಮನುಷ್ಯರು. ಮೀನುಗಾರರ ಕುಲದೈವವೆನಿಸಿದ ಬೊಬ್ಬರ್ಯನು ಐತಿಹ್ಯದಂತೆ ಮುಸಲ್ಮಾನ ವರ್ತಕನೊಬ್ಬನಿಗೆ ಜನಿಸಿ, ಹಡಗು ನಡೆಸಿ, ಕಡಲಿನ ಕಾಳಗದಲ್ಲಿ ಮಡಿದವನು. ತೀರದುದ್ದಕ್ಕೂ ಇರುವ ಅವನ ಸ್ಥಾನಗಳು ಒಬ್ಬ ನಾವಿಕನ ಸ್ಮಾರಕಗಳೇ ಆಗಿದ್ದು, ಜಾತಿಮತಗಳ ಎಲ್ಲೆಯನ್ನು ಮೀರಿದ ಕೃತಜ್ಞತೆಗೆ ನಿದರ್ಶನವಾಗಿವೆ. ಕೋಟಿ ಚೆನ್ನಯರೆಂಬ ಬಿಲ್ಲವ ಅವಳಿ ವೀರರು ಸ್ಥಳೀಯ ಒಡೆಯ ಬಲ್ಲಾಳನ ಅನ್ಯಾಯಕ್ಕೆ ತಲೆಬಾಗದೆ ಹೋರಾಡಿ ಮಡಿದು ಗರಡಿಗಳಲ್ಲಿ ಮೂರ್ತಿಗೊಂಡರು. ಕೊರಗ ತನಿಯನಾದರೋ, ಬುಟ್ಟಿ ಹೆಣೆಯುವ, ಹೊರೆ ಹೊರುವ, ಸಮಾಜವು ದೂರವಿರಿಸಿದ ಜನಾಂಗದ ಅನಾಥ ಬಾಲಕ. ಶೇಂದಿ ಮಾರುವ ತಾಯಿಯೊಬ್ಬಳ ಮನೆಯಲ್ಲಿ ಬೆಳೆದು ತನ್ನ ತೋಳ್ಬಲದಿಂದ ಹೆಸರಾದ ಆ ದುಡಿಮೆಗಾರನು ಇಂದು ಕೊರಗಜ್ಜನಾಗಿ ಸಹಸ್ರಾರು ಮನೆಗಳ ಹರಕೆಯನ್ನು ಸ್ವೀಕರಿಸುತ್ತಿದ್ದಾನೆ.

ಇವರೆಲ್ಲರಿಗಿಂತಲೂ ನಮ್ಮ ವಿಷಯಕ್ಕೆ ಹತ್ತಿರವಾದವನು ಕಲ್ಕುಡ. ಕಾರ್ಕಳದ ಗೊಮ್ಮಟನನ್ನು ವೀರಪಾಂಡ್ಯ ಭೈರರಸನು 1432ನೆಯ ಇಸವಿಯ ಫೆಬ್ರವರಿ 13ರಂದು ಪ್ರತಿಷ್ಠಾಪಿಸಿದನೆಂದು ಶಾಸನವು ಸಾರುತ್ತದೆ. ಅರಸನ ಹೆಸರೂ ಗುರು ಲಲಿತಕೀರ್ತಿಯ ಹೆಸರೂ ಅದರಲ್ಲಿವೆ. ಸುಮಾರು 42 ಅಡಿಯ ಆ ಏಕಶಿಲೆಯನ್ನು ಮೂರ್ತಿಗೊಳಿಸಿದ ಕೈಯ ಹೆಸರನ್ನು ಹೇಳುವ ಹೊಣೆ ಪಾಡ್ದನದ ಪಾಲಿಗೆ ಬಂದಿತು. ಶಂಭು ಕಲ್ಕುಡನ ಮಗನಾದ ಬೀರ ಕಲ್ಕುಡನೇ ಅದನ್ನು ಕೆತ್ತಿದವನೆಂದೂ, ಅಂತಹ ಇನ್ನೊಂದು ಎಲ್ಲಿಯೂ ಹುಟ್ಟಬಾರದೆಂದು ಅರಸನು ಅವನ ಒಂದು ಕೈಯನ್ನೂ ಒಂದು ಕಾಲನ್ನೂ ಕಡಿಸಿದನೆಂದೂ, ಉಳಿದ ಒಂದೇ ಕೈಯಿಂದ ಅವನು ವೇಣೂರಿನ ಗೊಮ್ಮಟನನ್ನು ಕಡೆದನೆಂದೂ, ಅಣ್ಣನಿಗಾದ ಅನ್ಯಾಯಕ್ಕೆ ತಂಗಿ ಕಲ್ಲುರ್ಟಿಯು ಪ್ರತೀಕಾರ ತೀರಿಸಿದಳೆಂದೂ, ಅಣ್ಣತಂಗಿಯರಿಬ್ಬರೂ ದೈವಗಳಾದರೆಂದೂ ಪಾಡ್ದನವು ನಿರೂಪಿಸುತ್ತದೆ. ವೇಣೂರಿನ ಮೂರ್ತಿಯು ನಿಂತುದು 1604ರಲ್ಲಿ; ಎರಡರ ನಡುವೆ 172 ವರ್ಷಗಳ ಅಂತರವಿರುವುದರಿಂದ ಕಾಲಗಣನೆಗೆ ಈ ಕಥೆ ಒಗ್ಗುವುದಿಲ್ಲ. ಆದರೆ ಕಾಲಗಣನೆಗೆ ಒಗ್ಗದ ಕಥೆಯು ನ್ಯಾಯಕ್ಕೆ ಒಗ್ಗುತ್ತದೆ. ಬೇಲೂರಿನಲ್ಲಿ ಬಳ್ಳಿಗಾವೆಯ ದಾಸೋಜನೂ ಅವನ ಮಗ ಚಾವಣನೂ, ಸೋಮನಾಥಪುರದಲ್ಲಿ ಮಲ್ಲಿತಮ್ಮನೂ ತಮ್ಮ ಹೆಸರುಗಳನ್ನು ತಾವೇ ಕಲ್ಲಿನಲ್ಲಿ ಬರೆದಿಟ್ಟರು; ಕರಾವಳಿಯ ಶಿಲ್ಪಿಗೆ ಆ ಅವಕಾಶ ದೊರೆಯದಿದ್ದಾಗ ಜನರು ಅವನನ್ನು ದೈವವನ್ನಾಗಿ ಮಾಡಿ, ಅರಸನ ಅಪರಾಧವನ್ನು ವರ್ಷವರ್ಷವೂ ಬಹಿರಂಗವಾಗಿ ಹಾಡಿದರು. ಒಬ್ಬ ಕೂಲಿಯ ಶಿಲ್ಪಿಗೆ ಇದಕ್ಕಿಂತ ದೊಡ್ಡ ಸ್ಮಾರಕವನ್ನು ಜಗತ್ತಿನ ಯಾವ ನಗರವು ಕಟ್ಟಿದೆ?

ಇಂತಹ ಪರಂಪರೆಯುಳ್ಳ ನಾಡಿಗೆ ಪಾಶ್ಚಾತ್ಯ ರೀತಿಯ ಪ್ರತಿಮೆಯು ಬಂದುದು ಆಂಗ್ಲ ಪ್ರಭುತ್ವದೊಡನೆ, ಅದೂ ದೂರದ ರಾಜಧಾನಿಗಳಲ್ಲಿ. ಶ್ರೀರಂಗಪಟ್ಟಣವು ಬಿದ್ದ 1799ರಲ್ಲಿ ಕನ್ನಡ ಜಿಲ್ಲೆಯ ಮೊದಲ ಕಲೆಕ್ಟರನಾಗಿ ಬಂದ ಥಾಮಸ್ ಮನ್ರೋ ಇಲ್ಲಿಯ ಗದ್ದೆತೋಟಗಳ ಹಿಡುವಳಿಯನ್ನು ಶೋಧಿಸಿ ಕಂದಾಯವನ್ನು ನಿಗದಿಮಾಡಿದನು. ಮುಂದೆ ಮದರಾಸಿನ ಗವರ್ನರನಾಗಿ 1827ರಲ್ಲಿ ತೀರಿಕೊಂಡ ಅವನಿಗಾಗಿ, ಫ್ರಾನ್ಸಿಸ್ ಚಾಂಟ್ರಿಯು ರಚಿಸಿದ ಅಶ್ವಾರೂಢ ಕಂಚಿನ ಪ್ರತಿಮೆಯು 1839ರಲ್ಲಿ ಮದರಾಸಿನಲ್ಲಿ ನಿಂತಿತು. ಮಾರ್ಕ್ ಕಬ್ಬನ್ನನ ಅಶ್ವಾರೂಢ ಪ್ರತಿಮೆಯು 1866ರಲ್ಲಿಯೂ, ವಿಕ್ಟೋರಿಯಾ ರಾಣಿಯ ಅಮೃತಶಿಲೆಯ ಪ್ರತಿಮೆಯು 1906ರಲ್ಲಿಯೂ ಬೆಂಗಳೂರಿನಲ್ಲಿ ಸ್ಥಾಪಿತವಾದವು. ಮನ್ರೋ ಯೋಗ್ಯನಾದ ಅಧಿಕಾರಿಯೆಂಬುದನ್ನು ಅಲ್ಲಗಳೆಯಬೇಕಾಗಿಲ್ಲ. ಆದರೆ ಅವನು ಅಳೆಯಿಸಿದ ಗದ್ದೆಗಳಲ್ಲಿ ಬೆವರು ಸುರಿಸಿದವರಿಗೆ, 1830-31ರಲ್ಲಿ ತೆರಿಗೆಯ ಭಾರವನ್ನು ತಾಳಲಾರದೆ ಕೂಟಗಳಾಗಿ ನೆರೆದು ಪ್ರತಿಭಟಿಸಿದ ರೈತರಿಗೆ, ಅಂಗೈಯಗಲದ ಕಲ್ಲೂ ದೊರೆಯಲಿಲ್ಲವೆಂಬುದು ಇತಿಹಾಸದ ಪಕ್ಷಪಾತವನ್ನು ಎತ್ತಿ ತೋರಿಸುತ್ತದೆ. ವೀರಗಲ್ಲು ಅರಸನನ್ನು ಬಿಟ್ಟು ಭಟನನ್ನು ಕೆತ್ತಿದ್ದಿತು. ಹೊಸ ಕಾಲದ ಪ್ರತಿಮೆಯು ಭಟನನ್ನು ಬಿಟ್ಟು ಆಳಿದವನನ್ನು ಎರಕಹೊಯ್ದಿತು.

ಯಂತ್ರೋದ್ಯಮವು ಈ ವಿಸ್ಮೃತಿಯನ್ನು ಇನ್ನೂ ಹೆಚ್ಚಿಸಿತು. 1865ರಲ್ಲಿ ಮಂಗಳೂರಿನಲ್ಲಿ ಬಾಸೆಲ್ ಮಿಶನ್ನಿನವರು ಪ್ರಾರಂಭಿಸಿದ ಹಂಚಿನ ಉದ್ಯಮವು ಕ್ರಮೇಣ ಕರಾವಳಿಯುದ್ದಕ್ಕೂ ಹಬ್ಬಿ, ಕುಂದಾಪುರದ ಹಿನ್ನೀರಿನ ಅಂಚಿಗೂ ಬಂದು, ಗದ್ದೆಯ ಜೇಡಿಮಣ್ಣನ್ನು ಅಗೆಯುವವರು, ಹದಮಾಡುವವರು, ಅಚ್ಚಿಗೆ ಒತ್ತುವವರು, ಆವಿಗೆಯ ಬೆಂಕಿಯನ್ನು ಕಾಯುವವರು, ತಲೆಹೊರೆಯಲ್ಲಿ ಸಾಗಿಸುವ ಹೆಂಗಸರು ಎಂಬೀ ಸಾವಿರಾರು ಜೀವಗಳನ್ನು ಪೋಷಿಸಿತು. ಆ ಹಂಚು ಅರಬಿ ಸಮುದ್ರವನ್ನೂ ದಾಟಿ ಹೋಯಿತು. ಹಂಚನ್ನು ಮಗುಚಿ ನೋಡಿದರೆ ಅದರ ಬೆನ್ನ ಮೇಲೆ ಕಾರ್ಖಾನೆಯ ಹೆಸರು ಉಬ್ಬಕ್ಷರಗಳಲ್ಲಿ ಸ್ಪಷ್ಟವಾಗಿರುತ್ತದೆ, ಒತ್ತಿದ ಕೈಗಳ ಗುರುತು ಯಾವುದೂ ಇರುವುದಿಲ್ಲ. ಹಾಗೆಯೇ ಹತ್ತಾರು ಜನ ಒಂದೇ ಸ್ವರದಲ್ಲಿ ಎಳೆದು ದಡಕ್ಕೆ ತರುತ್ತಿದ್ದ ರಂಪಣಿ ಬಲೆಯ ಕಾಲವು, ಯಂತ್ರದೋಣಿಗಳೂ ಪರ್ಸೀನ್ ಬಲೆಗಳೂ ಬಂದ 1970ರ ದಶಕದಲ್ಲಿ ಇಳಿಮುಖವಾದಾಗ, ಒಂದು ಸಾಮೂಹಿಕ ಜೀವನಕ್ರಮವೇ ಸ್ಮಾರಕವಿಲ್ಲದೆ ಸರಿದುಹೋಯಿತು.

ದುಡಿಮೆಗೂ ಪ್ರತಿಮೆಯ ಯೋಗ್ಯತೆಯುಂಟೆಂಬ ಅರಿವು ಭಾರತದ ಸಾರ್ವಜನಿಕ ಶಿಲ್ಪಕಲೆಗೆ ಬಂದುದು ಸ್ವಾತಂತ್ರ್ಯಾನಂತರ. ಮನ್ರೋ ನಿಂತಿರುವ ಆ ಮದರಾಸಿನಲ್ಲಿಯೇ, ಮರೀನಾ ಕಡಲತಡಿಯಲ್ಲಿ, ದೇವಿಪ್ರಸಾದ ರಾಯ್ ಚೌಧುರಿಯವರು ರಚಿಸಿದ ಶ್ರಮವಿಜಯದ ಶಿಲ್ಪವು 1959ರಲ್ಲಿ ಸ್ಥಾಪಿತವಾಯಿತು: ನಾಲ್ವರು ಶ್ರಮಿಕರು ಬಂಡೆಯೊಂದನ್ನು ಮೈಯೆಲ್ಲ ನರವಾಗಿ ನೂಕುತ್ತಿರುವ ಆ ಕೃತಿಯಲ್ಲಿ ಯಾರಿಗೂ ಹೆಸರಿಲ್ಲ, ಎಲ್ಲರಿಗೂ ಗೌರವವಿದೆ. 1956ರ ನವೆಂಬರ್ 1ರವರೆಗೆ ದಕ್ಷಿಣ ಕನ್ನಡ ಜಿಲ್ಲೆಯು ಮದರಾಸಿಗೆ ಸೇರಿದ್ದುದರಿಂದ, ಕುಂದಾಪುರದವರಿಗೆ ಆ ನಗರವು ಅಂದಿಗೆ ಮೂರು ವರ್ಷಗಳ ಹಿಂದಷ್ಟೇ ತಮ್ಮ ರಾಜಧಾನಿಯಾಗಿದ್ದಿತು. ಇತ್ತ ನಮ್ಮ ತೀರದಲ್ಲಿ, ಅದಕ್ಕೂ ಕಾಲು ಶತಮಾನ ಮುಂಚೆಯೇ ಕೋಟದ ಶಿವರಾಮ ಕಾರಂತರು ಜೀತದ ಒಕ್ಕಲೊಬ್ಬನನ್ನು ನಾಯಕನನ್ನಾಗಿ ಮಾಡಿ 'ಚೋಮನ ದುಡಿ'ಯನ್ನು ಬರೆದಿದ್ದರು. ಗದ್ದೆಯನ್ನು ಹೂಡುವ ಹಕ್ಕಿಗಾಗಿ ಹಂಬಲಿಸಿ ದುಡಿಯ ನಾದದಲ್ಲಿ ಕೊನೆಗೊಂಡ ಆ ಚೋಮನೇ, ವೀರಗಲ್ಲು ಕಾಣದೆಹೋದ ಕೈಗಳಿಗೆ ಕನ್ನಡವು ಸಲ್ಲಿಸಿದ ಸ್ಮಾರಕ.

ಈಗ ನಮ್ಮ ಪೇಟೆಗಳಿಗೆ ಬರಬಹುದು. 1965ರಲ್ಲಿ ಯೋಧನನ್ನೂ ರೈತನನ್ನೂ ಒಂದೇ ಜಯಘೋಷದಲ್ಲಿ ಕೂಡಿಸಿದ ಲಾಲ್ ಬಹಾದ್ದೂರ್ ಶಾಸ್ತ್ರಿಯವರ ಹೆಸರು ಕುಂದಾಪುರದ ಮುಖ್ಯ ವೃತ್ತಕ್ಕಿದೆ. ಆ ವೃತ್ತದಲ್ಲಿ ದಿನವೂ ಹಾದುಹೋಗುವ ಮಕ್ಕಳಲ್ಲಿ ಎಷ್ಟು ಮಂದಿಗೆ ಆ ಹೆಸರಿನ ಹಿಂದಿರುವ ಬಡತನ, ಸತ್ಯಸಂಧತೆ, ದೃಢತೆಗಳನ್ನು ಯಾರಾದರೂ ಕುಳಿತು ಹೇಳಿರುವರು? ಹೇಳದಿದ್ದರೆ ಆ ಹೆಸರಿಗೂ ವೀರಗಲ್ಲಿನ ಗತಿಯೇ ಕಾದಿದೆ. ಬಸ್ಸು ನಿಲ್ಲುವ ತಾಣದ ಗುರುತಾಗಿ ಮಾತ್ರ ಅದು ಉಳಿದೀತು. ಇದಕ್ಕೆ ಭಿನ್ನವಾದ ದಾರಿಯನ್ನು ಕೋಟತಟ್ಟು ಗ್ರಾಮ ಪಂಚಾಯತಿಯು ತೋರಿಸಿರುವುದು ಅಭಿನಂದನೀಯ. 1902ರ ಅಕ್ಟೋಬರ್ 10ರಂದು ಕೋಟದಲ್ಲಿ ಹುಟ್ಟಿ 1997ರ ಡಿಸೆಂಬರ್ 9ರಂದು ತೀರಿಕೊಂಡ ಕಾರಂತರ ಹೆಸರಿನಲ್ಲಿ ಅದು ಥೀಮ್ ಪಾರ್ಕೊಂದನ್ನು ಕಟ್ಟಿದುದಲ್ಲದೆ, ಅಕ್ಟೋಬರ್ ತಿಂಗಳ ಜನ್ಮೋತ್ಸವವನ್ನೂ ಹುಟ್ಟೂರ ಪ್ರಶಸ್ತಿಯನ್ನೂ ನಡೆಸಿಕೊಂಡು ಬಂದಿದೆ. ಒಂದು ಹಳ್ಳಿಯ ಪಂಚಾಯತಿಯು ಒಬ್ಬ ಸಾಹಿತಿಯ ಋಣವನ್ನು ವರ್ಷವರ್ಷವೂ ಹೊಸದಾಗಿ ಬರೆದುಕೊಳ್ಳುವ ಈ ಕ್ರಮದಲ್ಲಿ ಮೆಕ್ಕೆಕಟ್ಟಿನ ವಿವೇಕವೇ ಹೊಸ ವೇಷದಲ್ಲಿ ಕಾಣಬರುತ್ತದೆ.

ಆದುದರಿಂದ ಪ್ರತಿಮೆಗಳನ್ನು ನಿಲ್ಲಿಸಬಯಸುವ ಸಂಘಗಳವರಲ್ಲಿಯೂ ಪಂಚಾಯತಿಗಳವರಲ್ಲಿಯೂ ಈ ಲೇಖಕನ ವಿಜ್ಞಾಪನೆ ಇಷ್ಟು. ಕಂಚೋ ಕಲ್ಲೋ ಸಿಮೆಂಟೋ ಎಂಬ ಪ್ರಶ್ನೆಗಿಂತ ಮೊದಲು, ಈ ಕಥೆಯನ್ನು ಪ್ರತಿವರ್ಷ ಹೇಳುವವರು ಯಾರು ಎಂಬ ಪ್ರಶ್ನೆಗೆ ಉತ್ತರ ಸಿದ್ಧವಾಗಲಿ. ಪೀಠದ ಮೇಲೆ ಅನಾವರಣ ಮಾಡಿದವರ ಹೆಸರುಗಳಿಗಿಂತ ದೊಡ್ಡ ಅಕ್ಷರಗಳಲ್ಲಿ, ಪ್ರತಿಮೆಯ ವ್ಯಕ್ತಿಯು ಮಾಡಿದ ಕೆಲಸವನ್ನು ಶಾಲಾಬಾಲಕನಿಗೆ ತಿಳಿಯುವಂತೆ ಬರೆಯಿಸಲಿ. ಕಲ್ಕುಡನನ್ನು ನೆನೆದು, ಕೆತ್ತಿದ ಶಿಲ್ಪಿಯ ಹೆಸರನ್ನೂ ತಪ್ಪದೆ ಬರೆಯಿಸಲಿ. ಇನ್ನು ಯಾರಿಗೆ ಪ್ರತಿಮೆಯೆಂದು ಕೇಳುವುದಾದರೆ, ಹಾರಾಡಿ ರಾಮ ಗಾಣಿಗರ ಯಕ್ಷಗಾನದ ಹೆಜ್ಜೆಯನ್ನು, ಗುಂಡ್ಮಿ ಕಾಳಿಂಗ ನಾವಡರ ಭಾಗವತಿಕೆಯ ಕಂಠವನ್ನು, ಉಪ್ಪಿನಕುದ್ರುವಿನ ಕೊಗ್ಗ ಕಾಮತರ ಸೂತ್ರದ ಗೊಂಬೆಗಳನ್ನು, ಮೊಗೇರಿಯ ಗೋಪಾಲಕೃಷ್ಣ ಅಡಿಗರ ಕಾವ್ಯವನ್ನು ಪಡೆದ ಈ ನಾಡಿಗೆ ಯೋಗ್ಯರ ಅಭಾವವಿಲ್ಲ. ಅವರ ಜೊತೆಯಲ್ಲಿ, ರಂಪಣಿ ಎಳೆದವನಿಗೂ, ಆವಿಗೆ ಕಾಯ್ದವನಿಗೂ, ಹಂಚು ಹೊತ್ತವಳಿಗೂ, ಬುಟ್ಟಿ ಹೆಣೆದ ಕೊರಗರಿಗೂ, ದೈವದ ಕಥೆಯನ್ನು ಮೈಯಲ್ಲಿ ಹೊತ್ತು ತಂದ ಪಾಣಾರರಿಗೂ ಒಂದೊಂದು ಸ್ಥಾನ ದೊರೆತಲ್ಲಿ, ಬಸರೂರಿನ ಕಾಲದಿಂದ ಬಾಕಿಯಿರುವ ಸಾಲವು ಸ್ವಲ್ಪಮಟ್ಟಿಗಾದರೂ ತೀರುವುದು. ಮೂರ್ತಿಯು ಎಂದಾದರೊಂದು ದಿನ ಮುಕ್ಕಾಗುವುದು ನಿಶ್ಚಯ. ಅಂದು ಇನ್ನೊಂದನ್ನು ಕೆತ್ತಿಸಿ ನಿಲ್ಲಿಸುವಷ್ಟು ಕಥೆ ಊರಿನ ಬಾಯಲ್ಲಿ ಉಳಿದಿರುವಂತೆ ನೋಡಿಕೊಳ್ಳುವುದೇ ಸ್ಥಾಪಕರ ನಿಜವಾದ ಕರ್ತವ್ಯವಾಗಿದೆ.